ಹೆಲ್ಮೆಟ್ ತಲೆಗಾಯಿತು, ಹೊಟ್ಟೆಗೇನು?



ಜನವರಿ ಬಂತೆಂದರೆ ರಸ್ತೆ ಸುರಕ್ಷತಾ ಮಾಸ, ಹೆಲ್ಮೆಟ್ ಜಾಥಾ. ಬೇಡವೆನ್ನುವುದಿಲ್ಲ, ಐಎಸ್‌ಐ ಗುರುತಿನ ಹೆಲ್ಮೆಟ್ ಹಾಕಲೇಬೇಕು. ಆದರೆ ಬೈಕ್ ಸವಾರನಿಗೆ ಇರುವುದು ತಲೆಯೊಂದೇ ಅಲ್ಲವಲ್ಲ.

ಬೈಕ್ ಗುದ್ದಿ ನಿಂತರೂ ಸವಾರನ ಮೈ ಮುಂದಕ್ಕೆ ನುಗ್ಗುತ್ತದೆ. ಸೊಂಟದ ಮೂಳೆಗೆ ಪೆಟ್ರೋಲ್ ಟ್ಯಾಂಕ್, ಹೊಟ್ಟೆಗೆ ಹ್ಯಾಂಡಲ್ ತುದಿ ಬಡಿಯುತ್ತದೆ. ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಬಹುದು, ಎಡಕ್ಕಿರುವ ಗುಲ್ಮವೋ ಬಲಕ್ಕಿರುವ ಲಿವರೋ ಸೀಳಬಹುದು. ಹೊರಗೆ ಕಾಣುವುದು ತರಚು ಗಾಯವಷ್ಟೇ. ‘ಏನೂ ಆಗ್ಲಿಲ್ಲ ಬುಡಣ್ಣ’ ಎಂದು ಎದ್ದು ನೀರು ಕುಡಿದವನ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಗುಲ್ಮದ ಗಾಯ ಕೆಲವರಲ್ಲಿ ದಿನಗಳ ಮೇಲೆ ಒಡೆಯುವುದೂ ಉಂಟು.

ಮೋಟೊಜಿಪಿ ರೇಸಿನವರಿಗೆ 2018ರಿಂದ ಏರ್‌ಬ್ಯಾಗ್ ಸೂಟ್ ಕಡ್ಡಾಯ. ನಂಜನಗೂಡು ತಾಲ್ಲೂಕಿನ ಹಿಮ್ಮಾವು, ತಾಂಡವಪುರದ ಕಾರ್ಖಾನೆಗಳಿಗೆ ರಾತ್ರಿ ಪಾಳಿಗೆ ಓಡುವ ಹುಡುಗರಿಗೆ ಅದನ್ನು ಹೇಳಿದರೆ ನಕ್ಕಾರು. ಅವರನ್ನು ಉಳಿಸಬೇಕಾದದ್ದು ಹತ್ತಿರದ ಆಸ್ಪತ್ರೆ. ಹೊಟ್ಟೆಗೆ ಪೆಟ್ಟು ಬಿದ್ದವರಿಗೆ ಪಟ್ಟಿ ಕಟ್ಟಿ, ಟಿಟಿ ಚುಚ್ಚಿ ಮನೆಗೆ ಕಳಿಸುವಂತಾಗಬಾರದು. ಅಲ್ಟ್ರಾಸೌಂಡ್‌ಗೆ ಹಿಡಿಯುವುದು ಕೆಲವೇ ನಿಮಿಷ. ಮೊದಲ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ನಾಡಿ, ಬಿಪಿ ನೋಡುತ್ತ ಉಳಿಸಿಕೊಳ್ಳಬೇಕು. ನಂಜನಗೂಡು, ತಿ.ನರಸೀಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ನಡುರಾತ್ರಿಯಲ್ಲೂ ಸ್ಕ್ಯಾನ್, ಅದನ್ನು ನೋಡಬಲ್ಲ ವೈದ್ಯರು, ಸಂಗ್ರಹದಲ್ಲಿ ರಕ್ತ ಇರುತ್ತದೆಯೇ? ಆರೋಗ್ಯ ಇಲಾಖೆ ಆಸ್ಪತ್ರೆ ಬಾಗಿಲಲ್ಲೇ ಫಲಕ ಹಾಕಿ ತಿಳಿಸಲಿ. ಇಲ್ಲದ ಹೊತ್ತಿನಲ್ಲಿ 108 ವಾಹನ ನೇರ ಮೈಸೂರಿಗೇ ಹೋಗಲಿ. ಅಪಘಾತದ ನಂತರದ ಮೊದಲ ಒಂದು ಗಂಟೆಯ ಮಹತ್ವವನ್ನು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯೇ ಒಪ್ಪಿದೆ. 2025ರ ಮೇ ತಿಂಗಳಿನಿಂದ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಇದೆ. ಖರ್ಚಿಗೆ ಹೆದರಿ ‘ಬೆಳಿಗ್ಗೆ ನೋಡಾವ’ ಎನ್ನುವ ಮನೆಯವರಿಗೆ ಇದನ್ನು ಹೇಳುವವರು ಯಾರು? ಜಾಥಾದಲ್ಲಿ ಹಂಚುವ ಕರಪತ್ರದಲ್ಲಿ ಎರಡು ಸಾಲು ಸೇರಿಸಿದರೆ ಗಂಟೇನೂ ಹೋಗುವುದಿಲ್ಲ.

2023ರ ಮೇ 29ರಂದು ತಿ.ನರಸೀಪುರ ತಾಲ್ಲೂಕಿನ ಕುರುಬೂರು ಬಳಿ ಬಸ್ಸಿಗೆ ಕಾರು ಡಿಕ್ಕಿಯಾಗಿ 10 ಮಂದಿ ಸತ್ತಾಗ ಇಡೀ ರಾಜ್ಯ ಮರುಗಿತು. ಬೈಕಿನವರು ಒಬ್ಬೊಬ್ಬರಾಗಿ ಸಾಯುತ್ತಾರೆ, ಒಳಪುಟದಲ್ಲಿ ನಾಲ್ಕು ಸಾಲಾಗಿ ಮುಗಿಯುತ್ತಾರೆ.

ಕಬ್ಬಿನ ಹಂಗಾಮಿನ ಮಾತು ಬೇರೆಯೇ ಇದೆ. ಹಿಂದೆ ದೀಪವಿಲ್ಲದ ಟ್ರೇಲರ್ ಕತ್ತಲಲ್ಲಿ ರಸ್ತೆ ಬದಿ ನಿಂತರೆ, ಹಿಂದಿನಿಂದ ಬರುವ ಬೈಕಿನವನ ಎದೆ ನೇರ ಅದರ ಅಂಚಿಗೇ. ಸಾರಿಗೆ ಅಧಿಕಾರಿಗಳು ಹೆದ್ದಾರಿಯಲ್ಲಿ ಒಂದೊಂದನ್ನೇ ಹಿಡಿದು ದಂಡ ಹಾಕುವುದಕ್ಕಿಂತ, ರಿಫ್ಲೆಕ್ಟರ್ ಪಟ್ಟಿ ಇಲ್ಲದ ಗಾಡಿಯನ್ನು ಸಕ್ಕರೆ ಕಾರ್ಖಾನೆಯ ತೂಕಕ್ಕೇ ಬಿಡಬಾರದೆಂದು ಜಿಲ್ಲಾಧಿಕಾರಿ ಆದೇಶಿಸಲಿ. ವಾರದೊಳಗೆ ಎಲ್ಲ ಟ್ರೇಲರ್‌ಗೂ ಪಟ್ಟಿ ಅಂಟುತ್ತದೆ.

– ಓದುಗ, ತಿ.ನರಸೀಪುರ