ಮೂವತ್ತು ಜೀವ, ಹತ್ತು ಜೀವ

ನಮ್ಮ ಭಾಯಿಜಾನ್ ಹಳೆಯ ಟಿವಿ ಗೇಮನ್ನು ಕ್ಯಾಸೆಟ್‌ಗಳ ಸಮೇತ ಇನ್ನೂ ಜೋಪಾನವಾಗಿ ಇಟ್ಟಿದ್ದಾರೆ. ಅದರಲ್ಲಿ ‘ಕಾಂಟ್ರಾ’ ಇದೆ, ಅದರ ಎರಡನೇ ಭಾಗ ‘ಸೂಪರ್ ಸಿ’ಯೂ ಇದೆ. ಮೊದಲನೆಯದೇ ಶ್ರೇಷ್ಠ ಎಂಬುದು ಅವರ ವಾದ. ನಿಪ್ಪಾಣಿಯ ನಮ್ಮ ಗಲ್ಲಿಯ ದೊಡ್ಡ ಹುಡುಗರೆಲ್ಲ ಅದನ್ನೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ಜಪಾನಿನ ಕೊನಾಮಿ ಕಂಪನಿಯ ಈ ಆಟಗಳು ಟಿವಿಗೆ ಬಂದದ್ದು 1988 ಮತ್ತು 1990ರಲ್ಲಿ. ಎರಡರಲ್ಲೂ ಇಬ್ಬರು ಜೊತೆಯಾಗಿ ಆಡಬಹುದು, ಎಂಟೆಂಟು ಹಂತ. ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಓದಿದ್ದೇವಲ್ಲ? ಎರಡನೇ ಭಾಗಗಳು ಹೆಚ್ಚಾಗಿ ಹಳೆಯ ಹೆಸರನ್ನೇ ಮಾರಿ ಬದುಕುತ್ತವೆ. ಸೂಪರ್ ಸಿ ಹಾಗಲ್ಲ. ಅದರಲ್ಲಿ ಮೇಲಿನಿಂದ ನೋಡುತ್ತ ಎಲ್ಲ ದಿಕ್ಕಿಗೂ ಓಡುವ ಹಂತಗಳಿವೆ. ಬಟನ್ ಒತ್ತಿ ಹಿಡಿದರೆ ಬೆಂಕಿಯ ಗುಂಡು ದೊಡ್ಡದಾಗಿ ಸಿಡಿಯುತ್ತದೆ.

ಮುಖ್ಯ ವ್ಯತ್ಯಾಸ ಜೀವಗಳದ್ದು. ಕಾಂಟ್ರಾದ ಗುಟ್ಟಿನ ಬಟನ್‌ಗಳು ಒತ್ತಿದರೆ ಮೂವತ್ತು ಜೀವ, ಸೂಪರ್ ಸಿಯಲ್ಲಿ ಹತ್ತೇ. ಮೂವತ್ತು ಇದ್ದಾಗ ನಾವಿಬ್ಬರೂ ಕಣ್ಣು ಮುಚ್ಚಿ ಓಡುತ್ತಿದ್ದೆವು, ಯಾರು ಸತ್ತರೂ ಲೆಕ್ಕವಿರಲಿಲ್ಲ. ಹತ್ತೇ ಇದ್ದಾಗ ಭಾಯಿಜಾನ್ ಮೊದಲ ಸಲ ನನ್ನನ್ನು ಕೇಳಿದರು: “ಮೇಲಿನವನನ್ನು ನೀನು ಹೊಡೀತೀಯಾ, ನಾನು ಹೊಡೀಲಾ?” ಅಲ್ಲಿಯವರೆಗೆ ಅವರು ಬರೀ ಹುಕುಂ ಕೊಡುತ್ತಿದ್ದರು.

ಮುಂದಿನ ತಿಂಗಳು ಅವರು ಕೆಲಸಕ್ಕೆ ಪುಣೆಗೆ ಹೋಗುತ್ತಾರೆ. ಸೂಪರ್ ಸಿಯ ಎಂಟನೇ ಹಂತ ಇನ್ನೂ ಬಾಕಿ ಇದೆ. ಫೋನಿನಲ್ಲಿ ಒಬ್ಬನೇ ಆಡಿ ಮುಗಿಸಬಹುದು, ಆದರೆ ಮುಗಿಸುವುದಿಲ್ಲ. ಈದ್‌ಗೆ ಅವರು ಬರಲಿ.