ರಸ್ತೆಯ ಮುನಿಸು, ಮಠದ ರಾಜಿ

ಬಸವಣ್ಣನವರು ಕಳವು, ಕೊಲೆ, ಹುಸಿಗಳ ಸಾಲಿನಲ್ಲೇ ಮುನಿಸನ್ನೂ ಸೇರಿಸಿದರು. ಮುನಿಸು ಕೊಲೆಯವರೆಗೆ ಹೋಗಲು ಹೆಚ್ಚು ಹೊತ್ತು ಬೇಡ. 2025ರ ಅಕ್ಟೋಬರ್ 25ರ ರಾತ್ರಿ ಬೆಂಗಳೂರಿನ ಪುಟ್ಟೇನಹಳ್ಳಿಯಲ್ಲಿ ಡೆಲಿವರಿ ಕಾಯಕದ ಯುವಕನೊಬ್ಬ ಸತ್ತ. ಸ್ಕೂಟರ್ ಕಾರಿನ ಕನ್ನಡಿಗೆ ತಗುಲಿತೆಂಬ ಸಿಟ್ಟಿಗೆ ಕಾರಿನವರು ಬೆನ್ನಟ್ಟಿ ಗುದ್ದಿದರೆಂಬುದು ಪೊಲೀಸರ ಆರೋಪ. ಮೊದಲು ಅದು ಅಪಘಾತವೆಂದೇ ದಾಖಲಾಗಿತ್ತು. ಸಿಸಿಟಿವಿ ದೃಶ್ಯ ನೋಡಿದ ಮೇಲೆ ಕೊಲೆ ಪ್ರಕರಣವಾಯಿತು. ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದ ಸಾವಿಗೆ 5 ವರ್ಷದವರೆಗೆ ಸಜೆ, ಕೊಲೆಗೆ ಜೀವಾವಧಿ ಇಲ್ಲವೇ ಮರಣದಂಡನೆ.

ಅಂತರಘಟ್ಟೆಯ ಸುತ್ತಿನ ದಾರಿಗಳಲ್ಲಿ ತಿರುವಿಗೊಂದು ಕ್ಯಾಮೆರಾ ಎಲ್ಲಿಂದ ಬರಬೇಕು? ಸೈಕಲ್ಲಿನ ಹಾಲಿನವನನ್ನೋ ಶಾಲೆಯ ಹುಡುಗಿಯನ್ನೋ ಕಾರಿನವನು ಸಿಟ್ಟಿನಿಂದ ಅಂಚಿಗೆ ತಳ್ಳಿದರೆ ಕಂಡವರ ಬಾಯಿಯೇ ಸಾಕ್ಷಿ. ಆ ಬಾಯನ್ನು ರಾಜಿ ಪಂಚಾಯಿತಿ ಮುಚ್ಚಿಸುತ್ತದೆ. ಕಾರು ದೊಡ್ಡವರದ್ದು, ಸೈಕಲ್ಲು ಕೂಲಿಯವರದ್ದು. ಕೆಲವೊಮ್ಮೆ ಆ ರಾಜಿ ಮಠದ ಜಗಲಿಯಲ್ಲೇ ಆಗುತ್ತದೆ (ಬರೆಯಲು ನಮಗೂ ನಾಚಿಕೆ). ಗಾಯಾಳುವಿನ ಚಿಕಿತ್ಸೆಗೆ ಹಣ ಕೊಡಿಸಿದರೆ ಅದು ದಯೆ. ಬೇಕೆಂದೇ ಗುದ್ದಿದ್ದನ್ನು ಆಕಸ್ಮಿಕವೆಂದು ಬರೆಸಿದರೆ ಅದು ಹುಸಿ. ಪೂಜ್ಯರು ಇಂಥ ರಾಜಿಗೆ ಕೂರಬಾರದು. ದುರ್ಗಾಂಬೆಯ ಜಾತ್ರೆಗೆ ಎತ್ತಿನ ಗಾಡಿ, ಸೈಕಲ್ಲು, ಕಾರುಗಳೆಲ್ಲ ಒಂದೇ ರಸ್ತೆಗಿಳಿಯುವ ಮುನ್ನ ಈ ಮಾತನ್ನು ತಮ್ಮ ಪ್ರವಚನದಲ್ಲಿ ಹೇಳಲಿ.