ಮನೋವೈದ್ಯರನ್ನು ಹುಡುಕುವುದಕ್ಕಿಂತ ದೊಡ್ಡ ಹೊಣೆ

ಮನೆಯಲ್ಲೊಬ್ಬರಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದರೆ ನಾವು ಕೇಳುವ ಮೊದಲ ಪ್ರಶ್ನೆ, ಯಾವ ವೈದ್ಯರಲ್ಲಿಗೆ ಹೋಗಬೇಕು ಎಂಬುದು. ಅದೇ ಮನೆಯ ಯುವಕನೊಬ್ಬ ನಾಲ್ಕು ರಾತ್ರಿ ನಿದ್ರಿಸದೆ, ಎಡೆಬಿಡದೆ ಮಾತನಾಡುತ್ತಾ, ಅಂಗಡಿಯ ಬಂಡವಾಳವನ್ನು ಒಂದೇ ದಿನದಲ್ಲಿ ಯಾವುದೋ ಹೊಸ ವ್ಯವಹಾರಕ್ಕೆ ಸುರಿದು ಬಂದರೆ ಪ್ರಶ್ನೆ ಬದಲಾಗುತ್ತದೆ. ಯಾರು ಮಾಟ ಮಾಡಿಸಿದರು, ಯಾರ ಕಣ್ಣು ತಾಗಿತು, ಯಾವ ಜಿನ್ನ್ ಹಿಡಿಯಿತು ಎಂದು ಹಿರಿಯರು ತಲೆ ಕೆಡಿಸಿಕೊಳ್ಳುತ್ತಾರೆ. ಆರು ತಿಂಗಳ ಬಳಿಕ ಅವನೇ ಕೋಣೆಯ ಬಾಗಿಲು ಹಾಕಿಕೊಂಡು, ಊಟ ಬಿಟ್ಟು, ಬದುಕು ಸಾಕೆನ್ನತೊಡಗಿದಾಗ ಈಮಾನ್ ಕಡಿಮೆಯಾಗಿದೆಯೆಂದು ಬುದ್ಧಿ ಹೇಳುತ್ತೇವೆ. ಇವೆರಡೂ ಒಂದೇ ಕಾಯಿಲೆಯ ಎರಡು ಮುಖಗಳೆಂದು ತಿಳಿಸಬಲ್ಲವರು ಆ ಮನೆಯ ಮೆಟ್ಟಿಲು ಹತ್ತಿಯೇ ಇರುವುದಿಲ್ಲ.

ಬೈಪೋಲಾರ್ ಎಂದು ವೈದ್ಯರು ಕರೆಯುವ ಈ ಕಾಯಿಲೆಯಲ್ಲಿ ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬಂದು ಹೋಗುತ್ತವೆ. ನಡುವಿನ ತಿಂಗಳುಗಳಲ್ಲಿ, ಕೆಲವೊಮ್ಮೆ ವರ್ಷಗಳಲ್ಲಿ, ರೋಗಿ ಎಲ್ಲರಂತೆಯೇ ಇರುತ್ತಾನೆ. ಮನೆಯವರು ಮೋಸಹೋಗುವುದು ಇಲ್ಲಿಯೇ. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ಈ ಕಾಯಿಲೆಯಿರುವವರಲ್ಲಿ ಶೇ. 70ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗಿದ್ದಾರೆಂದು ಕಂಡುಕೊಂಡಿತು. ಆ 70ರಲ್ಲಿ ನಮ್ಮ ಪಾಲೆಷ್ಟು ಎಂದು ಯಾರೂ ಲೆಕ್ಕ ಹಾಕಿಲ್ಲ. ಆದರೆ ಮಂತ್ರಿಸಿದ ನೂಲು, ತಾವೀಝ್, ಊರೂರು ಅಲೆದಾಟ ಇವುಗಳಲ್ಲೇ ಮೊದಲ ಕೆಲವು ವರ್ಷಗಳು ಕಳೆದುಹೋಗುವ ಮನೆಗಳು ನಮ್ಮ ಜಮಾಅತ್‌ಗಳಲ್ಲಿ ಇವೆಯೆಂಬುದನ್ನು ಅಲ್ಲಗಳೆಯಲು ಯಾರಿಗೆ ಸಾಧ್ಯ?

ಆ ಅಲೆದಾಟದ ಕೊನೆ ಎಲ್ಲಿಗೆ ತಲುಪಬಹುದೆಂಬುದನ್ನು ತಮಿಳುನಾಡಿನ ಏರ್ವಾಡಿ ತೋರಿಸಿತು. 2001ರ ಆಗಸ್ಟ್ 6ರಂದು ಅಲ್ಲಿನ ದರ್ಗಾದ ಸಮೀಪವಿದ್ದ ಖಾಸಗಿ ಮನೋರೋಗಿಗಳ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ ಸರಪಣಿಯಲ್ಲಿ ಕಟ್ಟಿಹಾಕಲಾಗಿದ್ದ 28 ಮಂದಿ ಓಡಲಾಗದೆ ಸುಟ್ಟುಹೋದರು. ಅವರನ್ನು ಅಲ್ಲಿ ಬಿಟ್ಟುಬಂದವರು ಶತ್ರುಗಳಲ್ಲ, ಸ್ವಂತ ಮನೆಯವರು. ಇದು ಧರ್ಮದ ಹೆಸರಿನಲ್ಲಿ ನಡೆಯುವುದಂತೂ ದೊಡ್ಡ ವಿಪರ್ಯಾಸ. ರೋಗಕ್ಕೆ ಔಷಧವಿದೆ, ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿವರ್ಯರು(ಸ) ಕಲಿಸಿದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಜಾಗವಿತ್ತು. ಅದಕ್ಕೂ ಮೂರು ಶತಮಾನಗಳ ಹಿಂದೆಯೇ ಅಬೂ ಝೈದ್ ಅಲ್ ಬಲ್ಖಿ, ದೇಹಕ್ಕೆ ಬರುವಂತೆ ಮನಸ್ಸಿಗೂ ಕಾಯಿಲೆ ಬರುತ್ತದೆಂದೂ ಕಾರಣವಿರುವ ದುಃಖ ಬೇರೆ, ಕಾರಣವಿಲ್ಲದೆ ಕವಿಯುವ ದುಃಖ ಬೇರೆ ಎಂದೂ ಬರೆದಿದ್ದರು. ರೋಗಿಗಾಗಿ ದುಆ ಮಾಡುವುದನ್ನು ಯಾವ ವೈದ್ಯರೂ ಬೇಡವೆನ್ನುವುದಿಲ್ಲ. ಮಾತ್ರೆ ನಿಲ್ಲಿಸಿ ಎನ್ನುವವರು ಉಸ್ತಾದರಿರಲಿ, ತಂಙಳರಿರಲಿ, ಆ ಮಾತನ್ನು ಕೇಳಬಾರದು.

ಹಾಗಾದರೆ ಎಲ್ಲಿಗೆ ಹೋಗಬೇಕು? ಸುಂಟಿಕೊಪ್ಪದಂಥ ಸಣ್ಣ ಪೇಟೆಯಲ್ಲಿ ಕುಳಿತು ಈ ಪ್ರಶ್ನೆ ಕೇಳಿದಾಗ ಸಾಮಾನ್ಯವಾಗಿ ಸಿಗುವ ಉತ್ತರ ಬೆಂಗಳೂರು. ನಿಮ್ಹಾನ್ಸ್ ದೇಶದಲ್ಲೇ ಹೆಸರಾದ ಸಂಸ್ಥೆ ಎಂಬುದರಲ್ಲಿ ಅನುಮಾನವಿಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿಯೂ ಮಂಗಳೂರಿನ ದೊಡ್ಡ ವೈದ್ಯಕೀಯ ಕಾಲೇಜುಗಳಲ್ಲಿಯೂ ಮನೋವೈದ್ಯ ವಿಭಾಗಗಳಿವೆ. ಆದರೆ ಈ ಕಾಯಿಲೆ ಒಂದು ಶಸ್ತ್ರಚಿಕಿತ್ಸೆಯಿಂದ ಮುಗಿಯುವಂಥದ್ದಲ್ಲ. ಮೊದಲ ವರ್ಷದಲ್ಲಿ ಪ್ರತಿ ತಿಂಗಳು, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ, ಬಹುಶಃ ಜೀವನವಿಡೀ ಭೇಟಿಯಾಗಬೇಕಾದ ವೈದ್ಯರು ಇನ್ನೂರೈವತ್ತು ಕಿಲೋಮೀಟರ್ ದೂರದಲ್ಲಿದ್ದರೆ ಏನಾಗುತ್ತದೆಂದು ಊಹಿಸಬಹುದು. ಮೂರನೇ ಭೇಟಿಗೆ ರಜೆ ಸಿಗುವುದಿಲ್ಲ, ನಾಲ್ಕನೆಯದಕ್ಕೆ ಬಸ್ಸಿನ ಹಣವಿರುವುದಿಲ್ಲ, ಐದನೆಯದು ನಡೆಯುವುದೇ ಇಲ್ಲ. ಆದ್ದರಿಂದ ದೂರದ ಪ್ರಸಿದ್ಧ ವೈದ್ಯರಿಗಿಂತ ಅರ್ಧ ದಿನದಲ್ಲಿ ಹೋಗಿ ಬರಬಹುದಾದ, ತಾಳ್ಮೆಯಿಂದ ಕೇಳುವ ವೈದ್ಯರೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಸುಂಟಿಕೊಪ್ಪದಿಂದ ಮಡಿಕೇರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಸಾಕು. 2016ರಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದ ಮೇಲೆ ಅಲ್ಲಿನ ಜಿಲ್ಲಾಸ್ಪತ್ರೆ ಬೋಧನಾ ಆಸ್ಪತ್ರೆಯೂ ಆಗಿದೆ. ರೋಗನಿರ್ಣಯದಲ್ಲಿ ಗೊಂದಲವಿದ್ದರೆ ಒಮ್ಮೆ ನಿಮ್ಹಾನ್ಸ್‌ಗೆ ಹೋಗಿ ಅಭಿಪ್ರಾಯ ಪಡೆಯಿರಿ. ಆ ಚೀಟಿಯೊಂದಿಗೆ ಮುಂದಿನ ಚಿಕಿತ್ಸೆಗೆ ಹತ್ತಿರದವರಲ್ಲಿಗೇ ಬನ್ನಿ. ಯಾರಲ್ಲಿಗೆ ಹೋಗಬೇಕೆಂಬುದೇ ತಿಳಿಯದಿದ್ದರೆ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸರಕಾರಿ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತನಾಡುವವರು ಸಿಗುತ್ತಾರೆ.

ಒಳ್ಳೆಯ ಮನೋವೈದ್ಯರನ್ನು ಗುರುತಿಸುವುದು ಹೇಗೆ? ಎಂಬಿಬಿಎಸ್ ಬಳಿಕ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಪಡೆದವರೇ ಎಂದು ಮೊದಲು ನೋಡಿ. ಆಪ್ತಸಮಾಲೋಚಕರ ಮಾತಿನಿಂದ ರೋಗಿಗೆ ಉಪಕಾರವಾಗುತ್ತದೆ, ಆದರೆ ಅವರು ಔಷಧ ಬರೆಯುವಂತಿಲ್ಲ. ಇನ್ನು ಪದವಿಯ ಫಲಕ ಎಷ್ಟು ದೊಡ್ಡದು ಎಂಬುದಕ್ಕಿಂತ ಮೊದಲ ಭೇಟಿಯಲ್ಲಿ ಅವರು ಏನನ್ನು ಕೇಳುತ್ತಾರೆಂಬುದನ್ನು ಗಮನಿಸಿ. ನಿದ್ರೆಯ ಬಗ್ಗೆ, ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ ಎಂಬ ಬಗ್ಗೆ, ಹಿಂದೆಂದಾದರೂ ವಿಪರೀತ ಉತ್ಸಾಹದ ದಿನಗಳಿದ್ದವೇ ಎಂಬ ಬಗ್ಗೆ ವಿಚಾರಿಸುತ್ತಾರೆಯೇ? ರೋಗಿಯೊಂದಿಗೂ ಮನೆಯವರೊಂದಿಗೂ ಬೇರೆ ಬೇರೆಯಾಗಿ ಮಾತನಾಡುತ್ತಾರೆಯೇ? ಕಾಯಿಲೆಯ ಹೆಸರು ಹೇಳಿ, ಔಷಧವನ್ನು ಎಷ್ಟು ಕಾಲ ಸೇವಿಸಬೇಕು, ಅದರಿಂದ ಏನೇನು ತೊಂದರೆಯಾಗಬಹುದು ಎಂದು ವಿವರಿಸುತ್ತಾರೆಯೇ? ಬ್ಯಾರಿ, ಮಲಯಾಳಂ, ಉರ್ದು, ಕೊಡವ ತಕ್ಕ್ ಹೀಗೆ ಹಲವು ಮಾತುಗಳಿರುವ ನಮ್ಮ ಜಿಲ್ಲೆಯಲ್ಲಿ ರೋಗಿ ತನ್ನ ಮನೆಮಾತಿನಲ್ಲಿ ಸಂಕಟವನ್ನು ಹೇಳಿಕೊಳ್ಳಲು ಸಾಧ್ಯವೇ ಎಂಬುದೂ ಸಣ್ಣ ಸಂಗತಿಯಲ್ಲ. ನೋವಿಗೆ ಅನುವಾದಕರು ಬೇಕಾದಾಗ ಅರ್ಧ ನೋವು ಒಳಗೇ ಉಳಿಯುತ್ತದೆ.

ಆದರೆ ವೈದ್ಯರನ್ನು ಪರೀಕ್ಷಿಸುವ ನಾವು ಅವರಿಗೆ ಸತ್ಯ ಹೇಳುತ್ತೇವೆಯೇ? ಖಿನ್ನತೆಯಲ್ಲಿರುವ ಮಗನನ್ನು ಕರೆದುಕೊಂಡು ಹೋದ ತಂದೆ, ಎರಡು ವರ್ಷಗಳ ಹಿಂದೆ ಅವನು ಸಾಲ ಮಾಡಿ ಕಾರು ತಂದದ್ದನ್ನೂ ರಾತ್ರಿಯಿಡೀ ಊರು ಸುತ್ತಿದ್ದನ್ನೂ ಮಾನಕ್ಕೆ ಅಂಜಿ ಮುಚ್ಚಿಡುತ್ತಾರೆ. ವೈದ್ಯರು ಅದನ್ನು ಬರೀ ಖಿನ್ನತೆಯೆಂದು ತಿಳಿದು ಖಿನ್ನತೆ ನಿವಾರಕ ಮಾತ್ರೆಯೊಂದನ್ನೇ ಕೊಟ್ಟರೆ, ಬೈಪೋಲಾರ್ ಇರುವವರಲ್ಲಿ ಅದು ಉನ್ಮಾದವನ್ನು ಕೆರಳಿಸಬಹುದು. ಆಗ ಮಾತ್ರೆಯಿಂದಲೇ ಮಗ ಕೆಟ್ಟ ಎಂದು ಮನೆಯವರು ಹೇಳುತ್ತಾರೆ, ಮತ್ತೆ ವೈದ್ಯರನ್ನು ಬದಲಾಯಿಸುತ್ತಾರೆ. ಹೊಸ ವೈದ್ಯರಿಗೂ ಹಳೆಯ ಚೀಟಿ ತೋರಿಸುವುದಿಲ್ಲ. ಹೀಗೆ ಐದು ವೈದ್ಯರು ಐದು ಸಲ ಮೊದಲಿನಿಂದ ಆರಂಭಿಸುತ್ತಾರೆ.

ಒಂದು ನೋಟ್‌ಪುಸ್ತಕ ಇಟ್ಟರೆ ಈ ವ್ಯರ್ಥ ಸುತ್ತಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ದಿನಕ್ಕೊಂದು ಸಾಲು ಸಾಕು: ಎಷ್ಟು ಗಂಟೆ ನಿದ್ರೆ, ಮನಸ್ಥಿತಿ ಹೇಗೆ, ಮಾತ್ರೆ ತೆಗೆದುಕೊಂಡದ್ದು ಹೌದೋ ಅಲ್ಲವೋ. ನಿದ್ರೆ ಕಡಿಮೆಯಾಗಿಯೂ ದಣಿವಿಲ್ಲದಿರುವುದು ಬಹಳಷ್ಟು ಮಂದಿಯಲ್ಲಿ ಉನ್ಮಾದದ ಮೊದಲ ಸೂಚನೆ. ಅದು ಪುಸ್ತಕದಲ್ಲಿ ಎರಡು ದಿನ ಕಂಡರೆ ಮುಂದಿನ ತಿಂಗಳ ಭೇಟಿಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಈ ಬರೆಹವನ್ನು ರೋಗಿಯೇ ಮಾಡುವುದು ಉತ್ತಮ. ಪೊಲೀಸರ ದಿನಚರಿಯಂತೆ ಮನೆಯವರು ಅವನ ವಿರುದ್ಧ ಬರೆಯತೊಡಗಿದರೆ ಅವನು ವೈದ್ಯರನ್ನೂ ಶತ್ರುವೆಂದೇ ಭಾವಿಸುತ್ತಾನೆ.

1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಬೆಳಕಿಗೆ ತಂದ ಲಿಥಿಯಂ ಇಂದಿಗೂ ಈ ಕಾಯಿಲೆಯ ಮುಖ್ಯ ಔಷಧಗಳಲ್ಲೊಂದು. ಅಗ್ಗದ್ದು, ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವಂಥದ್ದು. ಆದರೆ ಅದಕ್ಕೆ ಶಿಸ್ತು ಬೇಕು. ಕೊನೆಯ ಮಾತ್ರೆ ತೆಗೆದುಕೊಂಡು 12 ಗಂಟೆಗಳಾದ ಮೇಲೆ ರಕ್ತದಲ್ಲಿ ಅದರ ಪ್ರಮಾಣವನ್ನು ಪರೀಕ್ಷಿಸಬೇಕು. ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಗಳೂ ಆಗಾಗ ಆಗಬೇಕು. ಲಿಥಿಯಂ ಬರೆದುಕೊಟ್ಟು ರಕ್ತಪರೀಕ್ಷೆಯ ಮಾತನ್ನೇ ಎತ್ತದ ವೈದ್ಯರನ್ನು ನೀವಾಗಿಯೇ ಕೇಳಿ. ಮೈಕೈ ನೋವಿಗೆಂದು ಮೆಡಿಕಲ್ ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್ ಮಾತ್ರೆಗಳು ರಕ್ತದಲ್ಲಿ ಲಿಥಿಯಂ ಏರುವಂತೆ ಮಾಡುತ್ತವೆ. ತೋಟದ ಕೆಲಸದವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಕೈ ಜೋರಾಗಿ ನಡುಗುವುದು, ವಾಂತಿ ಭೇದಿ, ನಾಲಗೆ ತೊದಲುವುದು, ನಡಿಗೆ ತಪ್ಪುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಗುಣವಾಯಿತೆಂದು ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರಳುವ ಸಂಭವ ಹೆಚ್ಚು. ಗಲ್ಫಿಗೆ ಹೊರಟವರು ಹೀಗೆ ನಿಲ್ಲಿಸಿಬಿಡುವುದುಂಟು. ಅವರು ವೈದ್ಯರ ಪತ್ರ ಮತ್ತು ಚೀಟಿಯೊಂದಿಗೇ ವಿಮಾನ ಹತ್ತಬೇಕು, ಏಕೆಂದರೆ ನಿದ್ರೆಗೆಂದು ಕೊಡುವ ಕ್ಲೊನಾಜೆಪಾಮ್‌ನಂಥ ಮಾತ್ರೆಗಳು ಅಲ್ಲಿನ ದೇಶಗಳಲ್ಲಿ ನಿಯಂತ್ರಿತ ಔಷಧಗಳ ಪಟ್ಟಿಯಲ್ಲಿವೆ.

ನಮ್ಮ ಮನೆಗಳಿಗೆ ರಮಝಾನ್ ಒಂದು ಪ್ರತ್ಯೇಕ ವಿಷಯ. ಹಗಲಿಡೀ ನೀರಿಲ್ಲದಿರುವುದರಿಂದ ಲಿಥಿಯಂ ಪ್ರಮಾಣ ಏರುಪೇರಾಗುವ ಭಯ ಒಂದೆಡೆಯಾದರೆ, ತರಾವೀಹ್ ಮತ್ತು ಸಹರಿಯ ನಡುವೆ ನಿದ್ರೆ ತುಂಡಾಗುವುದು ಇನ್ನೊಂದೆಡೆ. ಮೊರಾಕೋದಲ್ಲಿ ನಡೆದು 2000ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಉಪವಾಸದ ತಿಂಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಿಗೆ ಕಾಯಿಲೆ ಮರುಕಳಿಸಿತ್ತು. 2010ರಲ್ಲಿ ಪ್ರಕಟವಾದ ಪಾಕಿಸ್ತಾನದ ಅಧ್ಯಯನವೊಂದರಲ್ಲಿ ಸ್ಥಿರವಾಗಿದ್ದ ರೋಗಿಗಳಿಗೆ ಅಂಥ ಹಾನಿ ಕಂಡುಬರಲಿಲ್ಲ. ಅಂದರೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಶಅಬಾನ್‌ನಲ್ಲಿಯೇ ವೈದ್ಯರನ್ನು ಕಂಡು, ಮಾತ್ರೆಯ ಸಮಯವನ್ನು ಇಫ್ತಾರ್, ಸಹರಿಗೆ ಹೊಂದಿಸಬಹುದೇ, ಈ ವರ್ಷ ಉಪವಾಸ ಬೇಡವೇ ಎಂದು ಕೇಳಬೇಕು. ಬೇಡವೆಂದರೆ ರೋಗಿಗೆ ಅಲ್ಲಾಹನು ಕೊಟ್ಟಿರುವ ರಿಯಾಯಿತಿಯನ್ನು ನಿರಾಕರಿಸಲು ನಾವು ಯಾರು? ಮಾತ್ರೆ ನುಂಗುವ ಯುವಕನನ್ನು ಓರೆಗಣ್ಣಿನಿಂದ ನೋಡದಂತೆ ಜುಮಾ ಖುತುಬಾದಲ್ಲಿ ಎರಡು ಮಾತು ಹೇಳಿದರೆ ಖತೀಬರು ಒಬ್ಬ ವೈದ್ಯರು ಮಾಡಲಾಗದ ಉಪಕಾರ ಮಾಡಿದಂತಾಗುತ್ತದೆ.

ಸರಕಾರದ ಹೊಣೆಯನ್ನೂ ಇಲ್ಲಿ ನೆನಪಿಸಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು ಇಂದು ದೇಶವಿಡೀ ಇರುವ ಯೋಜನೆಗೆ ಮಾದರಿಯಾದದ್ದು 1985ರಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ನಿಗದಿತ ದಿನದಂದು ಬರಬೇಕೆಂಬ ಮನೋಚೈತನ್ಯ ಕಾರ್ಯಕ್ರಮವೂ ಕರ್ನಾಟಕದ್ದೇ. ನಮ್ಮ ತಾಲೂಕಿನಲ್ಲಿ ಯಾವ ದಿನ ಬರುತ್ತಾರೆ, ಲಿಥಿಯಂ ದಾಸ್ತಾನು ಇದೆಯೇ ಎಂದು ಮಸೀದಿ ಕಮಿಟಿಗಳು, ಪಂಚಾಯತ್ ಸದಸ್ಯರು ಎಷ್ಟು ಸಲ ವಿಚಾರಿಸಿದ್ದಾರೆ? ರಸ್ತೆಗಾಗಿ, ಖಬರಸ್ಥಾನದ ಗೋಡೆಗಾಗಿ ಮನವಿ ಕೊಡುವವರು ಇದಕ್ಕಾಗಿಯೂ ಒಂದು ಮನವಿ ಕೊಡಬಹುದಲ್ಲವೇ? 2018ರ ಮೇಯಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯನ್ನು ಸರಪಣಿಯಲ್ಲಿ ಬಿಗಿಯುವುದನ್ನು ನಿಷೇಧಿಸಿದೆ. ತನ್ನ ಚಿಕಿತ್ಸಾ ದಾಖಲೆಗಳನ್ನು ಪಡೆಯುವ ಹಕ್ಕನ್ನು ಅವನಿಗೆ ನೀಡಿದೆ. ವಿಮಾ ಕಂಪೆನಿಗಳು ದೇಹದ ಕಾಯಿಲೆಗಿರುವ ಸೌಲಭ್ಯವನ್ನೇ ಇದಕ್ಕೂ ಕೊಡಬೇಕೆಂದಿದೆ. ಎಲ್ಲಕ್ಕಿಂತ ಉಪಯುಕ್ತವಾದದ್ದು, ತಾನು ಸ್ವಸ್ಥನಿರುವಾಗಲೇ ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂದು ಲಿಖಿತವಾಗಿ ಹೇಳಿಡಲು ಅದು ಕೊಟ್ಟಿರುವ ಅವಕಾಶ. ವೈದ್ಯರೊಂದಿಗೆ ಕುಳಿತು ಅದನ್ನು ಬರೆದಿಡಿ. ಖಿನ್ನತೆಯ ದಿನಗಳಲ್ಲಿ ಮಾತ್ರೆಯ ಡಬ್ಬವನ್ನೂ ತೋಟದ ಕೀಟನಾಶಕವನ್ನೂ ಯಾರ ಸುಪರ್ದಿಗೆ ಕೊಡಬೇಕೆಂಬುದನ್ನೂ ಅಂದೇ ಮಾತನಾಡಿಕೊಳ್ಳಿ.

ಕೊನೆಗೆ ಉಳಿಯುವುದು ಎಲ್ಲರೂ ಪಿಸುಗುಟ್ಟುವ ಸಂಗತಿ, ಮದುವೆ. ನಿಕಾಹ್ ಆದರೆ ಎಲ್ಲ ಸರಿಹೋಗುತ್ತದೆಂದು ಕಾಯಿಲೆಯನ್ನು ಮುಚ್ಚಿ ಮದುವೆ ಮಾಡುವುದು, ಮಾತ್ರೆ ಕಣ್ಣಿಗೆ ಬಿದ್ದ ದಿನ ಹುಡುಗಿಯನ್ನು ತವರಿಗೆ ಕಳುಹಿಸುವುದು, ಅವಳ ಕೈಯಲ್ಲಿರುವ ಮಗುವಿಗೂ ಹುಚ್ಚಿನ ಹಣೆಪಟ್ಟಿ ಕಟ್ಟುವುದು, ಇದು ರೋಗಕ್ಕಿಂತ ಕ್ರೂರವಾದದ್ದು. ಗಂಡಾದರೆ ಹೇಗೋ ನಡೆದುಹೋಗುತ್ತದೆ, ಅವನ ಕಾಯಿಲೆಗೂ ಹೆಂಡತಿಯ ಕಾಲ್ಗುಣವೇ ಕಾರಣವೆನ್ನುವವರಿದ್ದಾರೆ. ಹೆಣ್ಣುಮಗಳ ವಿಷಯದಲ್ಲಿ ವೈದ್ಯರಿಗೆ ಮೊದಲೇ ತಿಳಿಸಬೇಕಾದ ಇನ್ನೊಂದು ಅಂಶವೂ ಇದೆ. ಈ ಕಾಯಿಲೆಗೆ ಬಳಸುವ ವ್ಯಾಲ್‌ಪ್ರೊಯೇಟ್ ಎಂಬ ಔಷಧವು ಗರ್ಭಸ್ಥ ಶಿಶುವಿನ ಬೆಳವಣಿಗೆಗೆ ಹಾನಿ ಮಾಡಬಲ್ಲದು. ಆದ್ದರಿಂದ ಮದುವೆಯ ಮಾತು ಆರಂಭವಾದಾಗಲೇ ವೈದ್ಯರಲ್ಲಿ ಕೇಳಿ ಬೇರೆ ಔಷಧಕ್ಕೆ ಬದಲಾಯಿಸಿಕೊಳ್ಳಬೇಕು. ಗರ್ಭ ನಿಂತ ಮೇಲೆ ಗಾಬರಿಯಿಂದ ತಾನಾಗಿಯೇ ಮಾತ್ರೆ ನಿಲ್ಲಿಸಿದರೆ ತಾಯಿಗೂ ಅಪಾಯ. ಹೆರಿಗೆಯ ನಂತರದ ವಾರಗಳಲ್ಲಿ ಈ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚಿರುವುದರಿಂದ ಬಾಣಂತಿಯ ರಾತ್ರಿನಿದ್ರೆಗೆ ಮನೆಯವರು ಕಾವಲಿರಬೇಕು, ಮಗುವನ್ನು ರಾತ್ರಿ ಬೇರೆಯವರು ನೋಡಿಕೊಳ್ಳಬೇಕು. ಹುಡುಗಿಯ ಒಪ್ಪಿಗೆಯಿದ್ದರೆ, ನಿಶ್ಚಿತಾರ್ಥಕ್ಕೆ ಮೊದಲು ಎರಡೂ ಮನೆಯ ಇಬ್ಬಿಬ್ಬರು ಹಿರಿಯರನ್ನು ಕೂರಿಸಿಕೊಂಡು ಕಾಯಿಲೆಯ ಬಗ್ಗೆ ಅರ್ಧ ಗಂಟೆ ಮಾತನಾಡುವಂತೆ ಅವಳ ಮನೋವೈದ್ಯರನ್ನೇ ಕೇಳಿಕೊಳ್ಳಬಹುದು.